ಮೂರನೆಯ ಮನೆಯಿಂದ ತಂದ ಹೆಸರು

ಸಾದಲಿಯ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಹನುಮಂತರಾಯಪ್ಪ ಎಂಬ ಗಟ್ಟಿಮುಟ್ಟಾದ ಹೆಸರಿತ್ತು. ಆದರೆ ಆ ಹೆಸರಿಗೆ ಊರಲ್ಲಿ ಕೆಲಸವೇ ಇರಲಿಲ್ಲ. ಮಕ್ಕಳು ‘ಸಾ’ ಅನ್ನುತ್ತಿದ್ದರು, ದೊಡ್ಡವರು ‘ಮೇಷ್ಟ್ರೇ’ ಅನ್ನುತ್ತಿದ್ದರು, ಅಂಚೆಯವನು ಕೂಡ ‘ಇಸ್ಕೂಲಿಗೊಂದು ಕಾಗ್ದ’ ಎಂದು ಜಗಲಿಯ ಮೇಲೆ ಹಾಕಿ ಹೋಗುತ್ತಿದ್ದ. ‘ಹನುಮಂತೂ’ ಎಂದು ಬಾಯ್ತುಂಬ ಕರೆಯುತ್ತಿದ್ದ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಹೆಂಡತಿ ರಾಮಲಕ್ಷ್ಮಮ್ಮ ಊರಿನ ಎಲ್ಲ ಹೆಂಗಸರ ಹಾಗೆ ‘ಏನೂಂದ್ರೆ’ ಎನ್ನುವವಳು. ಹೀಗೆ ಬಳಕೆ ತಪ್ಪಿದ ತನ್ನ ಹೆಸರನ್ನು ಒಂದೇ ಒಂದು ಸಲ ಅಚ್ಚಿನಲ್ಲಿ ನೋಡಬೇಕು ಎನ್ನುವುದು ಮೇಷ್ಟ್ರ ಆಸೆ. ಆಸೆ ಎಂದರೆ ಸಣ್ಣ ಮಾತಾಯಿತು, ಅದೊಂದು ಹುಚ್ಚು. ಪತ್ರಿಕೆಗಳಿಗೆ ಅವರು ಕಳಿಸಿದ ಬರಹಗಳೆಲ್ಲ ಹೋದ ದಾರಿಯಲ್ಲೇ ವಾಪಸು ಬಂದು ಒಂದು ಟ್ರಂಕು ತುಂಬಿದ್ದವು.

ಅರವತ್ತೊಂದನೆಯ ಇಸವಿಯ ಚಳಿಗಾಲದಲ್ಲಿ ಆ ಹುಚ್ಚಿಗೆ ತಕ್ಕ ಮದ್ದು ಚಿಕ್ಕಬಳ್ಳಾಪುರದಿಂದ ಬಂತು. ಅಲ್ಲಿ ಉಪಾಧ್ಯಾಯರ ಸಮ್ಮೇಳನ ನಡೆಯುವುದಿತ್ತು. ಅದಕ್ಕೊಂದು ಸ್ಮರಣ ಸಂಚಿಕೆ. ಹೋಬಳಿಗೊಬ್ಬ ಮೇಷ್ಟ್ರು, ಮೇಷ್ಟ್ರಿಗೊಂದು ಪುಟ. ತಮ್ಮ ಕಡೆಯ ಒಂದು ಹೂವನ್ನೋ ಗಿಡವನ್ನೋ ಹಿಡಿದುಕೊಂಡು, ಸುತ್ತಲಿನ ಭಾಷೆಗಳಲ್ಲಿ ಅದಕ್ಕೆ ಏನೇನು ಹೆಸರು, ಆ ಹೆಸರಿಗೆ ಏನರ್ಥ, ಅದು ಹೇಗೆ ಹುಟ್ಟಿತು ಎಂದು ಬರೆಯಬೇಕು. ಪುಟದ ಕೆಳಗೆ ಬರೆದವರ ಹೆಸರು ಅಚ್ಚಾಗುತ್ತದೆ. ಕಾಗದದ ಕೊನೆಯ ಸಾಲನ್ನು ಮೇಷ್ಟ್ರು ಅಂದು ಎಷ್ಟು ಸಲ ಓದಿಕೊಂಡರೋ ಲೆಕ್ಕವಿಲ್ಲ. ಅನ್ನ ತಣ್ಣಗಾಯಿತು, ಹೆಂಡತಿ ಬಿಸಿಯಾದಳು.

ಹೂವು ಯಾವುದು ಎಂದು ಅವರು ಯೋಚಿಸಲೇ ಇಲ್ಲ. ನಂದಿಬಟ್ಟಲು! ಮೇಲಿನ ಬೀದಿಯ ಹದಿನೈದು ಮನೆಗಳಲ್ಲಿ ಅದನ್ನು ನಂದಿಬಟ್ಟಲು ಎನ್ನುತ್ತಿರಲಿಲ್ಲ, ‘ಸಾಂದನಿ’ ಎನ್ನುತ್ತಿದ್ದರು. ಕೆಳಗಿನ ಬೀದಿಯಲ್ಲಿ ಈ ಮಾತಿಲ್ಲ, ಪಕ್ಕದ ಹಳ್ಳಿಗಳಲ್ಲೂ ಇಲ್ಲ. ಈ ಹೆಸರು ಬಹಳ ದಿನದಿಂದ ಮೇಷ್ಟ್ರ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು.

ಹದಿನೈದು ದಿನ ಮೇಷ್ಟ್ರು ನೆಲದ ಮೇಲೆ ನಡೆದದ್ದೇ ಕಡಿಮೆ, ಎಲ್ಲಾ ಸೈಕಲ್ ಮೇಲೆಯೇ. ಗೌರಿಬಿದನೂರಿನ ರೈಲ್ವೆ ನಿಲ್ದಾಣದಲ್ಲಿ ತಮಿಳು ಗಾರ್ಡೊಬ್ಬನನ್ನು ಹಿಡಿದು, ಹಸಿರು ಬಾವುಟ ಬೀಸುವ ಕೈಗೇ ಹೂವು ಕೊಟ್ಟು ಕೇಳಿದರು. ಆತ ಓಡುವ ಗಾಡಿಗೆ ಹತ್ತಿಕೊಂಡು ‘ನಂದಿಯಾವಟ್ಟೈ’ ಎಂದು ಕೂಗಿ ಹೇಳಿದ. ಚಿಂತಾಮಣಿಯ ತೆಲುಗು ಪಂಡಿತರು ‘ನಂದಿವರ್ಧನಂ’ ಎಂದರೆ ಸಂತೋಷವನ್ನು ಹೆಚ್ಚಿಸುವುದು ಎಂದು ಹೇಳಿ, ಕಾಫಿ ಕೊಟ್ಟು, ಹೂವನ್ನು ತಾವೇ ಇಟ್ಟುಕೊಂಡರು. ಸಂಸ್ಕೃತ ಬಲ್ಲ ಒಬ್ಬ ಜೋಯಿಸರು ಹೂವಿನ ಐದು ದಳಗಳನ್ನು ತೋರಿಸಿ, “ನೋಡಿ, ಒಂದೇ ಕಡೆಗೆ ಹೇಗೆ ತಿರುಚಿಕೊಂಡಿವೆ. ನಂದ್ಯಾವರ್ತ ಅಂತ ಒಂದು ಮಂಗಳದ ಚಿತ್ರ ಇದೆ, ಅದರ ತೋಳುಗಳೂ ಹೀಗೇ ತಿರುಗ್ತವೆ. ಹೆಸರು ಅಲ್ಲಿಂದ ಬಂದಿದ್ದು” ಎಂದರು. ಅಲ್ಲಿಯವರೆಗೆ ಈ ಹೂವಿನ ಹೆಸರು ಎದುರಿಗೆ ಕಾಣುವ ನಂದಿಬೆಟ್ಟದಿಂದಲೇ ಬಂದದ್ದು ಎಂದು ನಂಬಿದ್ದ ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಒಂದು ಸಣ್ಣ ಬಿಳಿ ಹೂವು ಎಷ್ಟು ಊರು ಸುತ್ತಿ ಬಂದಿದೆ!

ಆದರೆ ಸಾಂದನಿ? ಅದು ಯಾರಿಗೂ ಗೊತ್ತಿಲ್ಲ. ಮೇಲಿನ ಬೀದಿಯಲ್ಲಿ ಗಂಡಸೆಂಬ ಗಂಡಸನ್ನೆಲ್ಲ ಮೇಷ್ಟ್ರು ಕೇಳಿದರು. “ನಮ್ ತಾತನ ಕಾಲದಿಂದ್ಲೂ ಅಂಗೇ ಅಂತೀವಿ ಸಾಮೀ” ಎಂಬ ಒಂದೇ ಉತ್ತರ. ತಾತನ ಕಾಲದ್ದು ಎಂದ ಮೇಲೆ ಮುತ್ತಾತನ ಕಾಲದ್ದೂ ಆಗಿರಬಹುದು, ಮುತ್ತಾತನ ಕಾಲದ್ದಾದರೆ ರಾಜರ ಕಾಲದ್ದಾಗುವುದಕ್ಕೆ ಏನು ತೊಂದರೆ? ಮೇಷ್ಟ್ರ ತಲೆ ಓಡಿತು. ಸಾಂದನಿ ಎನ್ನುವುದು ಎಲ್ಲ ಕಡೆಯೂ ಸತ್ತುಹೋಗಿ ಇಲ್ಲಿ ಮಾತ್ರ ಉಳಿದ ಹಳೆಯ ಕನ್ನಡದ ಮಾತು. ಸಾಂದನಿ ಹೂವು ಹೆಚ್ಚಾಗಿ ಬೆಳೆಯುತ್ತಿದ್ದ ಊರೇ ಸಾದಲಿ! ಹೀಗೆ ಎಂಟು ಸಾಲು ಬರೆದು, ಮಿಕ್ಕ ಭಾಷೆಗಳ ಹೆಸರನ್ನೂ ಸೇರಿಸಿ ಚಿಕ್ಕಬಳ್ಳಾಪುರಕ್ಕೆ ಕಳಿಸಿಬಿಟ್ಟರು. ಸಂಚಿಕೆಯ ಸಂಪಾದಕರಾದ ನಿವೃತ್ತ ಹೆಡ್‌ಮಾಸ್ಟರ್ ವೆಂಕಟರವಣಪ್ಪನವರು ‘ಬಹಳ ಸ್ವಾರಸ್ಯವಾಗಿದೆ, ಸ್ವೀಕರಿಸಿದೆ. ಸಮ್ಮೇಳನದ ಹಿಂದಿನ ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತದೆ’ ಎಂದು ಕಾರ್ಡು ಬರೆದರು.

ಕಾರ್ಡು ಬಂದ ದಿನ ಊರಿಗೆ ಊರೇ ಎದ್ದು ಕುಳಿತಿತು. ಪಂಚಾಯಿತಿ ಚೇರ್ಮನ್ ಆವಲಪ್ಪ ಶಾಲೆಗೇ ಬಂದು ಮೇಷ್ಟ್ರ ಬೆನ್ನು ತಟ್ಟಿದರು. “ಹೂವಿನಿಂದ ಹೆಸ್ರು ಬಂದಿರೋ ಊರು ನಮ್ ತಾಲ್ಲೂಕಲ್ಲೇ ಇನ್ನೊಂದಿಲ್ಲ ಕಣ್ರೀ. ಬಸ್ಸು ನಿಲ್ಲೋ ತಾವ ಒಂದು ಬೋರ್ಡ್ ಹಾಕ್ಸಣ. ಹೂವಿನ ಚಿತ್ರ, ಕೆಳಗಡೆ ಊರ ಹೆಸ್ರು.” ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಬಡಗಿ ಹಲಗೆಯನ್ನು ಕೂಡ ಕೊಯ್ದಿಟ್ಟ.

ಹಾಗಿರುವಾಗ ಸಮ್ಮೇಳನದ ಹಿಂದಿನ ದಿನ, ಶನಿವಾರ, ಎಲ್ಲವೂ ತಲೆಕೆಳಗಾಯಿತು.

ಬರೆದೂ ಬರೆದೂ ಮೇಷ್ಟ್ರ ಕಣ್ಣು ಉರಿಯುತ್ತಿತ್ತು. ನಂದಿಬಟ್ಟಲು ಹೂವನ್ನು ರೆಪ್ಪೆಯ ಮೇಲೆ ಇಟ್ಟುಕೊಂಡರೆ ತಂಪು ಎಂದು ರಾಮಲಕ್ಷ್ಮಮ್ಮ ಬೆಳಗ್ಗೆಯೇ ಮೇಲಿನ ಬೀದಿಯ ಅಮ್ಮಾಜಮ್ಮನ ಹಿತ್ತಲಿಗೆ ಹೋದಳು. ಊರಿಗೆಲ್ಲ ಹಳೆಯ ಗಿಡ ಅಲ್ಲಿಯದು. ಹನ್ನೊಂದೂವರೆಗೆ ಶಾಲೆ ಬಿಟ್ಟು ಮೇಷ್ಟ್ರು ಜಗಲಿಗೆ ಬಂದರೆ ಹೆಂಡತಿ ಸೆರಗಿನಲ್ಲಿ ಹೂವು ತುಂಬಿಕೊಂಡು ಬೀದಿಯಲ್ಲಿ ಓಡೋಡಿ ಬರುತ್ತಿದ್ದಾಳೆ. ಅವಳು ಓಡಿದ್ದನ್ನು ಹನ್ನೆರಡು ವರ್ಷದ ಸಂಸಾರದಲ್ಲಿ ಮೇಷ್ಟ್ರು ನೋಡಿರಲಿಲ್ಲ.

“ಏನೂಂದ್ರೆ, ಆ ಹೆಸ್ರು ರಾಜ್ರ ಕಾಲದ್ದಲ್ವಂತೆ!” ಎಂದಳು ಏದುಸಿರು ಬಿಡುತ್ತಾ. “ಅಮ್ಮಾಜಮ್ನೋರೇ ತಂದಿದ್ದಂತೆ. ಸಾಬರ ಮನೆಯಿಂದ!”

“ಏನು ಬಡಬಡಿಸ್ತೀಯೇ? ಸಾಬರ ಮನೆಗೂ ಹೂವಿನ ಹೆಸ್ರಿಗೂ ಏನು?”

“ಬನ್ನಿ, ಅವ್ರನ್ನೇ ಕೇಳಿ. ಊರ ಗಂಡಸರನ್ನೆಲ್ಲ ಕೇಳಿದ್ರಲ್ಲ, ಅವ್ರನ್ನೊಂದು ಮಾತು ಕೇಳಿದ್ರಾ ನೀವು?”

ಕೇಳಿರಲಿಲ್ಲ. ಅಮ್ಮಾಜಮ್ಮ ಎಪ್ಪತ್ತು ದಾಟಿದ ಮುದುಕಿ, ಹಿತ್ತಲಲ್ಲೇ ಇರುತ್ತಿದ್ದಳು. ಮೇಷ್ಟ್ರು ಅವಳ ಮೊಮ್ಮಗ ರಾಮಾಂಜಿನಪ್ಪನನ್ನು ಜಗಲಿಯಲ್ಲೇ ಕೇಳಿ, ಬರೆದುಕೊಂಡು, ಎದ್ದು ಬಂದಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವುದು ಇದಕ್ಕೇ.

ಅಮ್ಮಾಜಮ್ಮ ಗಿಡದ ಬುಡದಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಮೇಷ್ಟ್ರನ್ನು ಕಂಡು ಸೆರಗು ಸರಿ ಮಾಡಿಕೊಂಡು, ಬಾಯಲ್ಲಿ ಹಲ್ಲಿಲ್ಲದಿದ್ದರೂ ಮುಖದ ತುಂಬ ನಕ್ಕಳು.

“ಬಾರಪ್ಪಾ ಮೇಷ್ಟ್ರೇ, ಕುಂತ್ಕೋ. ಆ ಬೆಟ್ಟ ಐತಲ್ಲ ಅಗೋ,” ಎಂದು ಗೋಡೆಯಾಚೆ ದೂರಕ್ಕೆ ಕೈ ತೋರಿಸಿದಳು. “ಅದ್ರ ಹೆಸ್ರೇ ನಮ್ಮಾವಂದು.”

“ನಂದಿಯಪ್ಪನವರಾ?”

“ನೀನು ಹೇಳ್ಬೋದಪ್ಪ, ನಾನು ಹೇಳಂಗಿಲ್ಲ. ಗಂಡನ ಹೆಸ್ರು, ಮಾವನ ಹೆಸ್ರು ಸೊಸೆಯಾದೋಳ ಬಾಯಲ್ಲಿ ಬರ್ಬಾರ್ದು. ಆ ಹೆಸ್ರು ಹೊತ್ತಿರೋ ಯಾವ್ದೂ ಬರ್ಬಾರ್ದು. ನನ್ನತ್ತೆ ಅದ್ರಲ್ಲಿ ಕೆಂಡ. ನಮ್ ಯಜಮಾನ್ರ ಹೆಸ್ರು…” ಎಂದು ರಾಮಲಕ್ಷ್ಮಮ್ಮನ ಕಡೆ ನೋಡಿದಳು.

“ಚೆನ್ನರಾಯಪ್ಪ,” ಎಂದಳು ರಾಮಲಕ್ಷ್ಮಮ್ಮ.

“ಹೂಂ. ಅದಕ್ಕೇ ಈ ಮನೇಲಿ ಸಾರು ಎಷ್ಟು ರುಚಿಯಾಗಿದ್ರೂ ಕನ್ನಡದಲ್ಲಿ ಅದ್ನ ಹೊಗಳಂಗಿರ್ಲಿಲ್ಲ ನಾನು. ‘ಬಾಗುಂದಿ’ ಅಂತ ತೆಲುಗಲ್ಲಿ ಹೊಗಳ್ತಿದ್ದೆ.” ಮುದುಕಿ ನಕ್ಕಳು, ಮೇಷ್ಟ್ರೂ ನಕ್ಕರು. “ಕನ್ನಡದಲ್ಲಿ ಬಾಗ್ಲು ಹಾಕಿದ್ರೆ ತೆಲುಗಿಗೆ ಹೋಗ್ತಿದ್ದೆ. ಆದ್ರೆ ಈ ಹೂವ್ಗೆ ತೆಲುಗಲ್ಲೂ ನಮ್ಮಾವನೇ ಬಾಗ್ಲಲ್ಲಿ ಕುಂತಿದ್ರು. ಎಲ್ಲಿಗೆ ಹೋಗ್ಲಿ?”

ನಂದಿಬಟ್ಟಲು, ನಂದಿವರ್ಧನಂ. ಎರಡು ಭಾಷೆ ಆಡುವ ಮನೆಯಲ್ಲಿ ಎರಡೂ ಹೆಸರು ಮುಚ್ಚಿಹೋದದ್ದು ಅವರ ಕಣ್ಣಿಗೆ ಕಟ್ಟಿದಂತಾಯಿತು.

“ಹದಿಮೂರು ವರ್ಷ ನಂಗೆ. ಮದ್ವೆಯಾಗಿ ಬಂದ ವಾರದಲ್ಲಿ ಅತ್ತೆ ಕೇಳಿದ್ರು, ಪೂಜೆಗೆ ಯಾವ ಹೂವು ಕುಯ್ದಿದೀಯಾ ಅಂತ. ಬಾಯಿ ಬಿಟ್ರೆ ಮಾವನ ಹೆಸ್ರು. ಬಿಡದಿದ್ರೆ, ಮೂಗೀನ ತಂದ್ಕೊಂಡ್ವಾ ಅಂತಾರೆ. ಅಳ್ತಾ ನಿಂತ್ಕೊಂಡೆ. ಆಗ ಈ ಗೋಡೆಯಾಚೆ ಕೈರುನ್ಬೀ ಇದ್ಲು, ಕೈರುನ್ನೀಸಾ ಅಂತ ಪೂರ್ತಿ ಹೆಸ್ರು. ಅವಳ ಗಂಡ ರೇಷ್ಮೆ ಗೂಡು ಕೊಂಡು ನೂಲು ತೆಗೀತಿದ್ದ. ಅವಳಿಗೂ ನನ್ನಷ್ಟೇ ವಯಸ್ಸು. ಗೋಡೆ ಮೇಲಿಂದ ತಲೆ ಹಾಕಿ, ‘ನಾವು ಚಾಂದನಿ ಅಂತೀವಿ ಅಮ್ಮಾಜೀ, ಅಂದ್ರೆ ಬೆಳದಿಂಗ್ಳು. ನೀನೂ ಅಂಗೇ ಅನ್ನು’ ಅಂದ್ಲು. ನನ್ನ ನಾಲಗೆ ತಿರುಗ್ದೆ ಸಾಂದನಿ ಆಯ್ತು. ಒಳಗೆ ಹೋಗಿ ‘ಸಾಂದನಿ ಅತ್ತೆ’ ಅಂದೆ. ಅತ್ತೆ ನನ್ ಮುಖ ನೋಡಿ, ಹೂವಿನ ಬುಟ್ಟಿ ಇಸ್ಕೊಂಡು ಪೂಜೆಗೆ ಹೋದ್ರು. ಆಮ್ಯಾಲೆ ಓರಗಿತ್ತೀರು ಹಿಡ್ಕೊಂಡ್ರು, ಅವ್ರ ಮಕ್ಳು ಹಿಡ್ಕೊಂಡ್ರು. ಬೀದಿಯೇ ಹಿಡ್ಕೊಂತು.”

ಅವರೆಕಾಯಿಯ ಮೇಲೆ ಅವಳ ಕೈ ನಿಂತಿತು.

“ಈ ಮನೇಲಿ ನನ್ನ ‘ಏ ಹುಡ್ಗೀ’ ಅಂತಿದ್ರು. ಅಮ್ಮಾಜೀ ಅಂತ ಹೆಸರಿಡಿದು ಕರೀತಿದ್ದೋಳು ಅವಳೊಬ್ಳೇ ಕಣಪ್ಪ. ಆಮ್ಯಾಲೆ ಚಿಂತಾಮಣಿಗೆ ಹೊಂಟೋದ್ರು. ಬುಕ್ಕಲ್ಲಿ ಬರೀತೀಯಂತಲ್ಲ, ಅವಳ ಹೆಸ್ರು ಬರೀತೀಯಾ?”

“ಬರೀತೀನಮ್ಮ,” ಎಂದುಬಿಟ್ಟರು ಮೇಷ್ಟ್ರು. ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅವರಿಗೆ ಹೊಳೆದದ್ದು: ಪುಟ ಇಂದು ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಸಾಂದನಿ ರಾಜರ ಕಾಲದ್ದು, ಸಾದಲಿಯ ತಾಯಿ ಎಂದೆಲ್ಲ ಬರೆದಿದೆ. ಕೆಳಗೆ ಅವರ ಹೆಸರಿದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೋರ್ಡು ಏಳುತ್ತದೆ, ಊರು ಹೊಗಳುತ್ತದೆ, ಹೆಸರು ಅಚ್ಚಾಗುತ್ತದೆ. ಆದರೆ ಸುಳ್ಳಿನ ಕೆಳಗೆ ಅಚ್ಚಾದ ಹೆಸರನ್ನು ದಿನಾ ಬೆಳಗ್ಗೆ ಯಾವ ಮುಖ ಇಟ್ಟುಕೊಂಡು ನೋಡುವುದು?

ಅದಕ್ಕಿಂತ ಹೆಚ್ಚಾಗಿ, ನಿಜವೇ ಸುಳ್ಳಿಗಿಂತ ಸೊಗಸಾಗಿತ್ತು. ಮೇಷ್ಟ್ರಿಗೆ ಕುಣಿಯಬೇಕು ಎನ್ನಿಸುವಷ್ಟು ಸಂತೋಷವಾಗಿತ್ತು. ಹೆಸರು ಹುಟ್ಟಿದ ಗಳಿಗೆಯನ್ನು ಕಂಡವರ ಬಾಯಿಂದಲೇ ಕೇಳುವ ಭಾಗ್ಯ ಎಷ್ಟು ಪಂಡಿತರಿಗೆ ಸಿಕ್ಕಿದೆ?

“ಸೈಕಲ್ ತಗೀರಿ,” ಎಂದಳು ರಾಮಲಕ್ಷ್ಮಮ್ಮ. “ಬುತ್ತಿ ಕಟ್ಕೊಡ್ತೀನಿ.”

“ಬುತ್ತಿ ಗಿತ್ತಿ ಬೇಡ್ವೇ, ಹೊತ್ತಿಲ್ಲ!”

ಸಾದಲಿಯಿಂದ ಶಿಡ್ಲಘಟ್ಟಕ್ಕೆ ಸೈಕಲ್ ತುಳಿದರೆ ಎರಡು ಗಂಟೆಗೂ ಮಿಕ್ಕು. ರಸ್ತೆ ಎಂದರೆ ಕಲ್ಲು, ಕಲ್ಲಿನ ಮಧ್ಯೆ ಒಂದಿಷ್ಟು ರಸ್ತೆ. ಹಿಪ್ಪುನೇರಳೆ ತೋಟಗಳು ಹಿಂದೆ ಸರಿದವು, ಸೊಪ್ಪಿನ ಗಾಡಿಯೊಂದು ಅಡ್ಡ ಬಂತು, ಒಂದು ಕಡೆ ಚೈನು ಕಳಚಿತು. ಎಣ್ಣೆ ಮೆತ್ತಿದ ಕೈಯಲ್ಲಿ ಚೈನು ಸೇರಿಸುತ್ತಾ ಮೇಷ್ಟ್ರು ಬಾಯಲ್ಲೇ ಬರೆಯುತ್ತಿದ್ದರು. ‘ಉರ್ದುವಿನಲ್ಲಿ ಚಾಂದನಿ, ಬೆಳದಿಂಗಳು ಎಂದರ್ಥ.’ ಶಿಡ್ಲಘಟ್ಟದ ಗಲ್ಲಿಗಲ್ಲಿಯಲ್ಲೂ ಉರ್ದು ಆಡುವ ಮನೆಗಳಿದ್ದವು. ಗೌರಿಬಿದನೂರಿಗೆ ಹೋಗಿ ತಮಿಳನ್ನು ಕೇಳಿ ಬಂದ ಮೇಷ್ಟ್ರಿಗೆ ಆ ಒಂದು ಬಾಗಿಲು ತಟ್ಟಬೇಕೆಂದು ಹೊಳೆದೇ ಇರಲಿಲ್ಲ. ಅದನ್ನು ನೆನೆದು ತಮ್ಮನ್ನೇ ಬೈದುಕೊಳ್ಳುತ್ತಾ ತುಳಿದರು.

ನಿಲ್ದಾಣದ ಎದುರಿನ ಅಂಗಡಿಯಲ್ಲಿ ಸೈಕಲ್ ಬಿಟ್ಟು ಒಳಗೆ ಓಡಿದರೆ ಚಿಕ್ಕ ರೈಲು ಆಗಲೇ ಹೊರಟಿತ್ತು. ಪುಣ್ಯಕ್ಕೆ ಆ ರೈಲು ಹೊರಡುವುದಕ್ಕೂ ಓಡುವುದಕ್ಕೂ ಬಹಳ ಅಂತರ. ಇಳಿದು ಕಡಲೆಕಾಯಿ ಕೊಂಡು ಮತ್ತೆ ಹತ್ತಬಹುದು ಎಂದು ಜನ ಹಾಸ್ಯ ಮಾಡುತ್ತಿದ್ದ ರೈಲು ಅದು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಓಡಿ ಹಿಡಿದರು. ಕಿಟಕಿಯಲ್ಲಿ ನಂದಿಬೆಟ್ಟ ನಿಧಾನವಾಗಿ ದೊಡ್ಡದಾಗುತ್ತಾ ಬಂತು. ಐವತ್ತೆಂಟು ವರ್ಷ ದಿನಾ ಬೆಳಗ್ಗೆ ಆ ಬೆಟ್ಟವನ್ನು ನೋಡಿಯೂ ಅದನ್ನು ಹೆಸರು ಹಿಡಿದು ಕರೆಯದ ಒಬ್ಬಳಿದ್ದಾಳೆ ಎಂದುಕೊಂಡರೆ ಮೇಷ್ಟ್ರಿಗೆ ನಗುವೂ ಬಂತು, ಸಂಕಟವೂ ಆಯಿತು.

ಬಜಾರಿನ ಅಚ್ಚುಕೂಟಕ್ಕೆ ಬಂದಾಗ ಮೂರೂಮುಕ್ಕಾಲು. ಸಂಪಾದಕರು ವೆಂಕಟರವಣಪ್ಪನವರು ಕನ್ನಡಕವನ್ನು ಹಣೆಗೇರಿಸಿ ಕೊನೆಯ ಪ್ರೂಫು ನೋಡುತ್ತಿದ್ದರು. ಮೊಳೆ ಜೋಡಿಸುವ ಬಯ್ಯಪ್ಪ ಆಗಲೇ ಪುಟಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿಯುತ್ತಿದ್ದ.

“ನಿಲ್ಸಿ! ನನ್ನ ಪುಟ ನಿಲ್ಸಿ! ಅದ್ರಲ್ಲಿರೋದು ಸುಳ್ಳು!” ಎಂದರು ಮೇಷ್ಟ್ರು ಬಾಗಿಲಲ್ಲೇ.

ಬಯ್ಯಪ್ಪ ಇಪ್ಪತ್ತು ವರ್ಷದಿಂದ ಅಚ್ಚುಕೂಟದಲ್ಲಿದ್ದವನು. ಬರೆದವರೇ ಬಂದು ತಾವು ಬರೆದದ್ದು ಸುಳ್ಳು ಎಂದದ್ದನ್ನು ಅವನು ಕೇಳಿದ್ದು ಅದೇ ಮೊದಲು. ಕೈಲಿದ್ದ ಸುತ್ತಿಗೆ ಕೆಳಗಿಟ್ಟ.

ಮೇಷ್ಟ್ರು ನಿಂತುಕೊಂಡೇ ಕಥೆ ಹೇಳಿದರು. ಅತ್ತೆ, ಸೊಸೆ, ಗೋಡೆ, ಕೈರುನ್ಬೀ ಎಲ್ಲ ಬಂದರು. ‘ಬಾಗುಂದಿ’ ಎನ್ನುವ ಕಡೆ ವೆಂಕಟರವಣಪ್ಪನವರು ತೊಡೆ ತಟ್ಟಿ ನಕ್ಕರು. “ಭಲೇ! ಇದು ಕಣ್ರೀ ಬರಹ ಅಂದ್ರೆ. ಆ ರಾಜರು ಗೀಜರೆಲ್ಲ ತೆಗೆದು ಹಾಕಿ. ಕೂತ್ಕೊಂಡು ಬರೀರಿ. ಆದ್ರೆ ಐದು ಗಂಟೆಗೆ ಮಿಷನ್ ಓಡ್ಬೇಕು. ನಾಳೆ ಬೆಳಗ್ಗೆ ಸಮ್ಮೇಳನ.”

“ಪುಟಕ್ಕೆ ಇಪ್ಪತ್ತೆಂಟು ಸಾಲು ಬುದ್ಧೀ,” ಎಂದ ಬಯ್ಯಪ್ಪ. “ಇಪ್ಪತ್ತೊಂಬತ್ತನೇದು ಬೇಕೂಂದ್ರೆ ನನ್ ತಲೆ ಮೇಲೆ ಅಚ್ಚಾಕ್ಬೇಕು.”

ಮೇಷ್ಟ್ರು ಬರೆದರು. ಎಂಟು ಸಾಲಿನ ರಾಜರು ಹೋದರು, ಆ ಜಾಗಕ್ಕೆ ಹನ್ನೆರಡು ಸಾಲಿನ ಹೆಂಗಸರು ಬಂದರು. ಜಾಸ್ತಿಯಾಯಿತು. ‘ಅತ್ಯಂತ’ ಹೋಯಿತು, ‘ಮನೋಹರವಾದ’ ಹೋಯಿತು. ಗೌರಿಬಿದನೂರಿನ ಗಾರ್ಡಿನ ಬಾವುಟ ಹೋಯಿತು. ಜೋಯಿಸರ ಊರು ಹೋಯಿತು. ಐದು ಭಾಷೆಯ ಹೆಸರು, ಅವುಗಳ ಅರ್ಥ, ಇವನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ಸಂಚಿಕೆ ಮಾಡುತ್ತಿದ್ದದ್ದೇ ಅದಕ್ಕೆ. ಪುಟದ ಕೆಳಗಿದ್ದ ‘ಉಪಾಧ್ಯಾಯರು, ಪ್ರಾಥಮಿಕ ಶಾಲೆ, ಸಾದಲಿ, ಶಿಡ್ಲಘಟ್ಟ ತಾಲ್ಲೂಕು’ ಎಂಬ ಸಾಲನ್ನೂ ಮೇಷ್ಟ್ರು ತಾವೇ ಹೊಡೆದು ಹಾಕಿದರು. ಹೆಸರೊಂದು ಇದ್ದರೆ ಸಾಕು. ಬಯ್ಯಪ್ಪನ ಬೆರಳುಗಳು ಕಾಳು ಹೆಕ್ಕುವ ಕೋಳಿಯ ಹಾಗೆ ಮೊಳೆ ಹೆಕ್ಕಿ ಜೋಡಿಸಿದವು. ಎಲ್ಲ ಮುಗಿದಾಗ ನಾಲ್ಕೂಮುಕ್ಕಾಲು.

“ಒಂದು ಸಾಲು ಹೆಚ್ಚು,” ಎಂದ ಬಯ್ಯಪ್ಪ.

ಮೂವರೂ ಬಾಗಿ ನೋಡಿದರು. ಇನ್ನು ತೆಗೆಯುವುದಕ್ಕೆ ಎಲ್ಲೂ ಏನೂ ಇರಲಿಲ್ಲ. ಕೊನೆಯಲ್ಲಿ ಎರಡು ಸಾಲುಗಳಿದ್ದವು. ಮೊದಲನೆಯದು: ‘ಹೆಸರು ಕೊಟ್ಟವರು ಖೈರುನ್ನೀಸಾ, ಉಳಿಸಿಕೊಂಡು ಬಂದವರು ಅಮ್ಮಾಜಮ್ಮ.’ ಅದರ ಕೆಳಗೆ: ‘ಹನುಮಂತರಾಯಪ್ಪ.’

“ಇದಕ್ಕೇನು ಯೋಚ್ನೆ?” ಎಂದರು ವೆಂಕಟರವಣಪ್ಪನವರು. “ಮೇಲೆ ‘ಒಬ್ಬ ಸೊಸೆ, ಒಬ್ಬ ನೆರೆಯಾಕೆ’ ಅಂತ ಬಂದೇ ಇದೆ. ಅಷ್ಟು ಸಾಕು. ಈ ಹೆಸರುಗಳ ಸಾಲು ತೆಗೀರಿ. ಓದೋರಿಗೆ ಆ ಹೆಂಗಸರು ಯಾರೋ ಏನೋ.”

ಸಾಕೇ ಸಾಕು. ಮೇಷ್ಟ್ರಿಗೂ ಅದು ತಿಳಿದಿತ್ತು. ಅಮ್ಮಾಜಮ್ಮನಿಗೆ ಓದಲು ಬರುವುದಿಲ್ಲ. ಖೈರುನ್ನೀಸಾ ಇದ್ದಾಳೋ ಇಲ್ಲವೋ. ಇಪ್ಪತ್ತೊಂಬತ್ತನೆಯ ಸಾಲಿನಲ್ಲಿ ಕಪ್ಪು ಮೊಳೆಗಳಲ್ಲಿ ತಿರುಗುಮುರುಗಾಗಿ ಕುಳಿತಿದ್ದ ತಮ್ಮ ಹೆಸರನ್ನು ಅವರು ನೋಡಿದರು. ಹದಿನಾಲ್ಕು ವರ್ಷದಿಂದ ಕಾದದ್ದು ಅದಕ್ಕೆ.

ಬಾಯಿಗೆ ಬಂದ ಹೆಸರನ್ನೆಲ್ಲ ನುಂಗಿಕೊಂಡು ಬದುಕಿದವಳು ಒಂದೇ ಒಂದು ಹೆಸರನ್ನು ಹೇಳಿ, ಅದನ್ನು ಬರೆ ಎಂದು ಕೇಳಿದ್ದಳು. ಬರೀತೀನಮ್ಮ ಎಂದದ್ದು ಇದೇ ಬಾಯಿ.

“ನಂದು ತಗೀರಿ,” ಎಂದರು.

“ಹುಚ್ಚೇನ್ರೀ? ಹೆಸರಿಲ್ದ ಬರಹ ತಬ್ಬಲಿ ಕಣ್ರೀ. ಪರಿವಿಡಿಯಲ್ಲೂ ಬರೀ ಹೂವಿನ ಹೆಸ್ರಿದೆ.”

“ಇರ್ಲಿ. ತಗಿಯಪ್ಪಾ ಬಯ್ಯಪ್ಪ, ಬೇಗ. ಆಮೇಲೆ ನನ್ ಮನಸ್ಸು ಬದಲಾಗ್ಬಿಡುತ್ತೆ.”

ಬಯ್ಯಪ್ಪ ಅವರ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಚಿಮಟಿಯಿಂದ ಒಂದೊಂದೇ ಮೊಳೆ ಕಿತ್ತು, ಅದರದರ ಗೂಡಿಗೆ ಹಾಕಿದ. ಹ ಹೋಯಿತು, ನು ಹೋಯಿತು, ಮಂ ಹೋಯಿತು. ಕೊನೆಯ ಪ್ಪ ಬೀಳುವ ತನಕ ಮೇಷ್ಟ್ರು ಕಣ್ಣು ಮಿಟುಕಿಸದೆ ನೋಡಿದರು. ಐದಕ್ಕೆ ಐದು ನಿಮಿಷವಿದ್ದಾಗ ಮಿಷನ್ನು ಗಡಗಡ ಎಂದಿತು.

ಸೋಮವಾರ ಬೆಳಗ್ಗೆ ಮೇಷ್ಟ್ರು ಹತ್ತು ಸಂಚಿಕೆಗಳನ್ನು ಹಿಡಿದು ಊರಿಗೆ ಬಂದಾಗ ಬಸ್ಸಿನ ಹತ್ತಿರವೇ ಜನ ಸೇರಿದ್ದರು. ಬಡಗಿ ಹಲಗೆಗೆ ಬಿಳಿ ಬಣ್ಣ ಕೂಡ ಬಳಿದಿದ್ದ. ಮೆರವಣಿಗೆಯ ಹಾಗೆ ಎಲ್ಲರೂ ಮೇಲಿನ ಬೀದಿಗೆ ಹೋದರು. ಅಮ್ಮಾಜಮ್ಮನ ಜಗಲಿಯ ಮೇಲೆ ಆವಲಪ್ಪ ಕುಳಿತು, ಪುಟ ತೆರೆದು, ಊರಿಗೆಲ್ಲ ಕೇಳುವ ಹಾಗೆ ಓದತೊಡಗಿದರು. ತಮಿಳು ಬಂತು, ತೆಲುಗು ಬಂತು, ಸಂಸ್ಕೃತ ಬಂತು. ಜನ ತಲೆದೂಗಿದರು. ಆಮೇಲೆ ಉರ್ದು ಬಂತು, ಗೋಡೆ ಬಂತು, ಅಳುವ ಸೊಸೆ ಬಂದಳು. ಆವಲಪ್ಪನ ದನಿ ಮೆಲ್ಲಗಾಯಿತು. ಕೊನೆಯ ಸಾಲಿನಲ್ಲಿ ಖೈರುನ್ನೀಸಾ ಎಂಬ ಹೆಸರು ಬಂದಾಗ ಬಾಗಿಲ ಹಿಂದೆ ನಿಂತಿದ್ದ ಅಮ್ಮಾಜಮ್ಮ “ಕೈರುನ್ಬೀನೇ!” ಎಂದು ಕೂಗಿದಳು. ಮುದುಕಿ ಹೊಸ್ತಿಲು ದಾಟಿ ಗಂಡಸರ ಮಧ್ಯೆ ಬಂದು, ಪುಟದ ಮೇಲೆ ಬೆರಳಿಟ್ಟು, “ಎಲ್ಲೈತೆ? ಇದಾ? ಇದೇ ಅವಳಾ?” ಎಂದು ಕೇಳಿದಳು. ಮೇಷ್ಟ್ರು ಅವಳ ಬೆರಳನ್ನು ಹಿಡಿದು ಸರಿಯಾದ ಜಾಗಕ್ಕೆ ಒಯ್ದರು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ನಗುತ್ತಿತ್ತು.

ಆವಲಪ್ಪ ಮಾತ್ರ ಪುಟವನ್ನು ಹಿಂದೆ ಮುಂದೆ ತಿರುಗಿಸಿದರು. “ನಮ್ಮೂರ ಹೆಸ್ರಿನ ವಿಚಾರ ಎಲ್ರೀ? ರಾಜ್ರ ಕಾಲದ್ದ್ಯಾವ್ದೂ ಇಲ್ವಲ್ಲ? ಬೋರ್ಡ್‌ಗೆ ಹಲಗೆ ಕುಯ್ಸಿದೀವಲ್ರೀ. ಅತ್ತೆ ಸೊಸೆ ಮಾತನ್ನೆಲ್ಲ ತಾಲ್ಲೂಕಿಗೆ ಹಂಚಿದಾರೆ! ನೀವು ಕಳ್ಸಿದ್ದನ್ನ ತೆಗೆದು ಇದ್ನ ಯಾರು ಬರೆದಿದ್ದು? ಕೆಳಗಡೆ ಹೆಸ್ರೂ ಇಲ್ಲ. ಬರೆದೋನಿಗೆ ಹೆಸ್ರು ಹಾಕ್ಕಳಕ್ಕೂ ಮುಖ ಇರ್ಲಿಲ್ವೇನೋ!”

ಜನರಲ್ಲಿ ಕೆಲವರು ಕಿಸಕ್ಕೆಂದರು. ಮೇಷ್ಟ್ರಿಗೆ ಮುಖ ಬಿಸಿಯಾಯಿತು. ನಾನೇ ಎನ್ನಬೇಕೆಂದು ಬಾಯಿ ತೆರೆದವರು ಕೈಲಿದ್ದ ಸಂಚಿಕೆಗಳನ್ನು ಎಣಿಸತೊಡಗಿದರು. ಎರಡು ರಾತ್ರಿಯಿಂದ ಅವರು ತಮಗೆ ತಾವೇ ಹೇಳಿಕೊಂಡಿದ್ದ ಸಮಾಧಾನವೆಲ್ಲ ಆ ಒಂದು ನಗೆಗೆ ಕುಸಿದುಬಿತ್ತು. ಇಷ್ಟು ವರ್ಷ ಕಾದು, ಕೊನೆಗೆ ಇದಾ?

ರಾಮಲಕ್ಷ್ಮಮ್ಮ ಕಂಬದ ಪಕ್ಕದಲ್ಲಿ ಹೆಂಗಸರ ಜೊತೆ ನಿಂತಿದ್ದಳು. ಸಂಚಿಕೆಯೊಂದನ್ನು ಕೈಯಲ್ಲಿ ಹಿಡಿದು, ಗಂಡ ಕಲಿಸಿದ ಅಕ್ಷರಗಳನ್ನು ಕೂಡಿಸಿಕೊಂಡು ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಹುಡುಕಿದ್ದಳು. ಸಿಕ್ಕಿರಲಿಲ್ಲ. ಅವಳು ಪುಸ್ತಕ ಮುಚ್ಚಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡಸರನ್ನು ಸರಿಸಿಕೊಂಡು ಜಗಲಿಯ ಎದುರಿಗೆ ಬಂದು ನಿಂತಳು.

“ನಾನು ಹೇಳ್ತೀನಿ ಕೇಳಿ ಆವಲಪ್ನೋರೆ. ಬರೆದಿದ್ದು ಹನುಮಂತರಾಯಪ್ಪ.”

ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಯಾರೋ “ಅಯ್ಯೋ ರಾಮಾ” ಎಂದರು. ರಾಮಲಕ್ಷ್ಮಮ್ಮನ ಕೆನ್ನೆ ಕೆಂಪಾಗಿತ್ತು. ಆದರೂ ಅವಳು, ಕೇಳಿಸದವರು ಯಾರಾದರೂ ಉಳಿದಿದ್ದಾರೆಯೇ ಎಂದು ಸುತ್ತ ನೋಡಿ, ಇನ್ನೂ ಗಟ್ಟಿಯಾಗಿ, ಒಂದಕ್ಷರವನ್ನೂ ನುಂಗದೆ ಇನ್ನೊಮ್ಮೆ ಹೇಳಿದಳು.

“ಹನುಮಂತರಾಯಪ್ಪ. ನನ್ ಗಂಡ.”